ಹಮಗುಚಿ ಗೊರ್ಯೋ ಎಂಬವನ ಚರಿತ್ರೆ

ಜಪಾನು ದೇಶದ ವಕಯಾಮಾ ಸೀಮೆಯ ಕಡಲ ದಂಡೆಯಲ್ಲಿ ಹಿರೋ ಎಂಬ ಗ್ರಾಮವಿತ್ತು. 1820ರಲ್ಲಿ ಅಲ್ಲಿ ಹುಟ್ಟಿದ ಹಮಗುಚಿ ಗೊರ್ಯೋ ಎಂಬವನ ಚರಿತ್ರೆಯನ್ನು ಈ ಸಾರಿ ನಮ್ಮ ಓದುಗರ ಮುಂದಿಡುತ್ತೇವೆ. ಈತನ ಮನೆತನದವರು ದೂರದ ಚೋಷಿ ಪಟ್ಟಣದಲ್ಲಿ ಸೋಯಾ ಕಾಳಿನ ಸಾಸನ್ನು ತಯಾರಿಸಿ ಮಾರುವ ವರ್ತಕರಾಗಿದ್ದುದರಿಂದ ಈತನಿಗೆ ಧನದ ಕೊರತೆಯಿರಲಿಲ್ಲ.

1854ನೆಯ ಇಸವಿ ದಶಂಬರ 24ರ ಸಾಯಂಕಾಲ ಮಹಾ ಭೂಕಂಪವುಂಟಾಗಿ, ಬಳಿಕ ಸಮುದ್ರವು ಉಕ್ಕೇರಿ ಊರೊಳಗೆ ನುಗ್ಗಿತು. ಗುಡ್ಡದ ಮೇಲಿದ್ದ ಒಬ್ಬ ಮುದುಕನು ಅಲೆ ಬರುವದನ್ನು ಮುಂದಾಗಿ ಕಂಡು, ತನ್ನ ಬೆಳೆಗೆ ಬೆಂಕಿಯಿಟ್ಟು ಜನರನ್ನು ಮೇಲಕ್ಕೆ ಬರಮಾಡಿದನೆಂದು ಕತೆಯ ಪುಸ್ತಕಗಳು ಹೇಳುವವು. ನಡೆದದ್ದು ಹಾಗಲ್ಲ. ಗೊರ್ಯೋ ಆಗ 34 ವರುಷದವನು. ಊರೊಳಗೇ ಇದ್ದು, ತಾನೂ ನೀರಿಗೆ ಸಿಕ್ಕಿ ಕಷ್ಟದಿಂದ ಪಾರಾದನು. ಕತ್ತಲಾಗಿ ಜನರು ದಾರಿಗಾಣದೆ ತೊಳಲುತ್ತಿರಲು, ಹೊಲಗಳಲ್ಲಿದ್ದ ಹುಲ್ಲಿನ ಬಣವೆಗಳಿಗೆ ಬೆಂಕಿ ಹಚ್ಚಿಸಿ, ಆ ಬೆಳಕಿನಿಂದ ಎತ್ತರದ ಸ್ಥಳಕ್ಕೆ ದಾರಿ ತೋರಿಸಿದನು. ಸುಮಾರು 1,400 ಮಂದಿಯೊಳಗೆ ಸತ್ತವರು 36 ಮಂದಿ.

ಆದರೆ ಆ ಒಂದು ರಾತ್ರಿಗಿಂತ ಮುಂದಿನ ನಾಲ್ಕು ವರುಷಗಳೇ ದೊಡ್ಡವೆಂದು ನಮಗೆ ತೋರುತ್ತದೆ. ಮನೆಮಠಗಳೆಲ್ಲಾ ಹಾಳಾಗಿ, ಜನರು ಊರನ್ನೇ ಬಿಟ್ಟುಹೋಗುವ ಯೋಚನೆಯಲ್ಲಿದ್ದರು. ಗೊರ್ಯೋ ಅಕ್ಕಿ ಕೊಟ್ಟನು, ಮನೆಗಳನ್ನು ಕಟ್ಟಿಸಿದನು, ದೋಣಿಗಳನ್ನೂ ಬೇಸಾಯದ ಸಾಮಾನುಗಳನ್ನೂ ಒದಗಿಸಿದನು. ಆದರೂ ಬರೇ ದಾನವನ್ನು ಉಂಡು ಕೂತವನ ಮನಸ್ಸು ಎಷ್ಟು ಕುಗ್ಗುವದೆಂಬದನ್ನು ನೆರೆಗೆ ಮನೆ ಕಳಕೊಂಡ ನಮ್ಮ ಓದುಗರು ಬಲ್ಲರು. ಆದಕಾರಣ ಆತನು ಸಮುದ್ರಕ್ಕೆದುರಾಗಿ ಒಡ್ಡು ಹಾಕುವ ಕೆಲಸವನ್ನು 1855ರಲ್ಲಿ ತೊಡಗಿಸಿ, ಸ್ವಂತ ಹಣದಿಂದ ಊರವರಿಗೇ ಕೂಲಿ ಕೊಟ್ಟು ಮಣ್ಣು ಹೊರಿಸಿದನು. ಒಟ್ಟು 56,000ಕ್ಕೆ ಮೀರಿದ ಆಳುಗೂಲಿ ಸಂದಿತು. ಹೊಟ್ಟೆಗೂ ಆಯಿತು, ಊರಿಗೂ ಆಯಿತು. ಬಿಟ್ಟುಹೋಗುವ ಮಾತು ನಿಂತಿತು. 1858ರಲ್ಲಿ ಮುಗಿದ ಆ ಒಡ್ಡಿನ ಉದ್ದ ಸುಮಾರು 2,000 ಅಡಿ, ಎತ್ತರ ಸುಮಾರು 16 ಅಡಿ. ಅದರ ಬದಿಯಲ್ಲಿ ಪೈನ್ ಮರಗಳನ್ನು ನೆಡಿಸಿದನು.

ಊರವರು ಕೃತಜ್ಞತೆಯಿಂದ ಆತನಿಗೆ ಗುಡಿ ಕಟ್ಟಿ ಪೂಜಿಸಬೇಕೆಂದಿದ್ದಾಗ ಆತನು ಅದಕ್ಕೆ ಒಡಂಬಡಲಿಲ್ಲ. 1885ರಲ್ಲಿ ದೇಶಸಂಚಾರದಲ್ಲಿದ್ದಾಗ ಅಮೇರಿಕದ ನ್ಯೂಯಾರ್ಕ್ ಪಟ್ಟಣದಲ್ಲಿ ತೀರಿಕೊಂಡನು.

ಅಲ್ಲಿಂದ 61 ವರುಷಗಳಾದ ಮೇಲೆ, 1946ನೆಯ ದಶಂಬರದಲ್ಲಿ, ಸಮುದ್ರವು ತಿರಿಗಿ ಏರಿಬಂತು. ಒಡ್ಡಿನ ಆಶ್ರಯವಿಲ್ಲದ ಕಡೆಗಳಲ್ಲಿ ಜೀವಗಳು ಹೋದವು. ಅದರ ಹಿಂದಿದ್ದ ಮನೆಗಳೊಳಗೆ ಬಹುಪಾಲು ಉಳಿದವು. ಒಡ್ಡನ್ನು ಕಟ್ಟಿದವರಲ್ಲಿ ಆಗ ಯಾರು ಉಳಿದಿದ್ದಾರು? ಆದರೂ ಊರು ಅದನ್ನು ಮರೆತಿರಲಿಲ್ಲ. 1903ರಿಂದ ಅವರು ವರುಷಕ್ಕೊಂದು ದಿನ ಕೂಡಿ, ಶಾಲೆಯ ಮಕ್ಕಳ ಕೈಯಿಂದಲೂ ಮಣ್ಣು ತರಿಸಿ, ಆ ಒಡ್ಡಿನ ಮೇಲೆ ಹಾಕುತ್ತಾ ಬಂದಿದ್ದಾರೆ.