ಅಜ್ಞಾತ ಶಿಲ್ಪಿ

ಹಸುಳೆಯನ್ನು ಕಂಕುಳಲ್ಲಿ ಎತ್ತಿಕೊಂಡು, ಚಂದಮಾಮನನ್ನು ತೋರಿಸಿ ತುತ್ತುಣಿಸದ ತಾಯಿ ಇಲ್ಲ. ಕವಿಗಳು ಅವನನ್ನು ಹಾಡಿ ಹೊಗಳಿದರು. ಪಂಚಾಂಗಕಾರರು ಅವನ ನಡೆಯನ್ನು ಎಣಿಸಿ ತಿಥಿಗಳನ್ನು ಗೊತ್ತುಮಾಡಿದರು. ಇಷ್ಟು ಪರಿಚಿತನಾದ ಚಂದ್ರನೂ ಒಂದು ಗುಟ್ಟನ್ನು ಉಳಿಸಿಕೊಂಡಿದ್ದನು. ತನ್ನ ಸುತ್ತ ತಾನು ಒಮ್ಮೆ ತಿರುಗಲು ಹಿಡಿಯುವಷ್ಟೇ ಕಾಲದಲ್ಲಿ ಅವನು ಭೂಮಿಯನ್ನೂ ಒಮ್ಮೆ ಸುತ್ತಿಬರುವನು. ಆದುದರಿಂದ ಅವನ ಒಂದೇ ಮುಖವು ಸದಾ ನಮ್ಮ ಕಡೆಗಿರುತ್ತದೆ. ಮತ್ತೊಂದು ಮುಖವನ್ನು 1959ರವರೆಗೆ ಮಾನವಕುಲದಲ್ಲಿ ಯಾರೂ ಕಂಡಿರಲಿಲ್ಲ. ಆ ಮರೆಯ ಮುಖವನ್ನು ಲೋಕಕ್ಕೆ ತೋರಿಸಿದ ಸಾಹಸದ ಹಿಂದೆ ನಿಂತಿದ್ದವನ ಹೆಸರೂ ಅಷ್ಟೇ ಮರೆಯಲ್ಲಿತ್ತು. ಅವನೇ ಸೋವಿಯತ್ ರಷ್ಯದ ಪ್ರಧಾನ ವಿನ್ಯಾಸಕನಾಗಿದ್ದ ಸೆರ್ಗೈ ಪಾವ್ಲೊವಿಚ್ ಕೊರೊಲೆವ್.

ಕೊರೊಲೆವ್ 1907ನೆಯ ಇಸವಿ ಜನವರಿ 12ರಂದು ಉಕ್ರೇನಿನ ಝಿತೋಮಿರ್ ಪಟ್ಟಣದಲ್ಲಿ ಜನಿಸಿದನು. ತಂದೆ ಶಾಲೆಯಲ್ಲಿ ಸಾಹಿತ್ಯವನ್ನು ಬೋಧಿಸುವ ಉಪಾಧ್ಯಾಯ. ತಂದೆತಾಯಿಗಳು ಬೇರೆಯಾದುದರಿಂದ ಬಾಲಕನು ಅಜ್ಜ ಅಜ್ಜಿಯರ ಆಶ್ರಯದಲ್ಲಿ, ಒಡನಾಡಿಗಳಿಲ್ಲದೆ ಬೆಳೆದನು. ಮುಂದೆ ಒಡೆಸ್ಸಾ ಬಂದರಿನಲ್ಲಿದ್ದಾಗ ಕಡಲ ಮೇಲೆ ಹಾರಾಡುವ ವಿಮಾನಗಳು ಅವನ ಮನಸ್ಸನ್ನು ಸೆಳೆದವು. ಎಂಜಿನಿಲ್ಲದೆ ಗಾಳಿಯ ಬಲದಿಂದಲೇ ತೇಲುವ ಗ್ಲೈಡರುಗಳನ್ನು ಅವನು ಚಿಕ್ಕ ವಯಸ್ಸಿನಲ್ಲಿಯೇ ರಚಿಸತೊಡಗಿದನು. ಕೀವ್ ನಗರದಲ್ಲಿ ಎರಡು ವರ್ಷ ಓದಿ, 1926ರಲ್ಲಿ ಮಾಸ್ಕೋದ ಉನ್ನತ ತಾಂತ್ರಿಕ ಶಾಲೆಯನ್ನು ಸೇರಿದನು. ಅಲ್ಲಿ ಪ್ರಸಿದ್ಧ ವಿಮಾನಶಿಲ್ಪಿ ಟುಪೊಲೆವ್ ಅವನಿಗೆ ಮಾರ್ಗದರ್ಶಕನಾದನು.

ವಿಮಾನಕ್ಕೆ ಹಾರಲು ಗಾಳಿ ಬೇಕು. ಗಾಳಿಯಿಲ್ಲದ ಬಾಹ್ಯಾಕಾಶದಲ್ಲಿ ಅದರ ರೆಕ್ಕೆ ನಿರರ್ಥಕ. ಅಲ್ಲಿಗೆ ಒಯ್ಯಬಲ್ಲ ಸಾಧನ ರಾಕೆಟ್ ಒಂದೇ ಎಂಬುದನ್ನು ಸಿಯೋಲ್ಕೋವ್‌ಸ್ಕಿ ಎಂಬ ಶಾಲಾ ಉಪಾಧ್ಯಾಯನು ಮೊದಲೇ ಗಣಿತದಿಂದ ತೋರಿಸಿಕೊಟ್ಟಿದ್ದನು. ಈ ವಿಚಾರವನ್ನು ಕಾರ್ಯರೂಪಕ್ಕೆ ತರಲು 1931ರಲ್ಲಿ ಮಾಸ್ಕೋದ ಉತ್ಸಾಹಿಗಳು ಒಂದು ತಂಡ ಕಟ್ಟಿದರು. ಅದರ ಮುಂದಾಳುಗಳಲ್ಲಿ ಕೊರೊಲೆವ್ ಒಬ್ಬ. ನೆಲಮಾಳಿಗೆಯೊಂದು ಅವರ ಕಾರ್ಯಾಗಾರ; ಹಣ ಕಡಿಮೆ, ಹುಮ್ಮಸ್ಸು ಅಪಾರ. 1933ರ ಆಗಸ್ಟ್ 17ರಂದು ಅವರ ರಾಕೆಟು ಸುಮಾರು 400 ಮೀಟರು ಎತ್ತರಕ್ಕೆ ಏರಿತು. ಚಂದ್ರನಿಗಿರುವ ದೂರ ಸುಮಾರು 3,84,000 ಕಿಲೋಮೀಟರು. ಆ ದೂರದ ಮುಂದೆ ಈ ಎತ್ತರ ಲೆಕ್ಕಕ್ಕೆ ಬರುವಂಥದಲ್ಲ. ಆದರೂ ದಾರಿ ಅಲ್ಲಿಂದಲೇ ಮೊದಲಾಯಿತು.

ಅಷ್ಟರಲ್ಲಿ ಕಷ್ಟದ ಕಾಲ ಬಂದಿತು. ಸ್ಟಾಲಿನನ ಆಳ್ವಿಕೆಯಲ್ಲಿ ಸಾವಿರಾರು ಮಂದಿ ನಿರಪರಾಧಿಗಳು ದೇಶದ್ರೋಹಿಗಳೆಂಬ ಆರೋಪಕ್ಕೆ ಗುರಿಯಾದರು. ಕೊರೊಲೆವ್ ಕೆಲಸಮಾಡುತ್ತಿದ್ದ ಸಂಶೋಧನಾ ಸಂಸ್ಥೆಯ ಮುಖ್ಯಸ್ಥನಿಗೆ ಮರಣದಂಡನೆಯಾಯಿತು. 1938ರ ಜೂನ್ 27ರಂದು ಕೊರೊಲೆವನನ್ನೂ ಬಂಧಿಸಿದರು. ವಿಚಾರಣೆಯ ಹೆಸರಿನಲ್ಲಿ ಅವನನ್ನು ಹಿಂಸಿಸಿ, ಹತ್ತು ವರ್ಷಗಳ ಶಿಕ್ಷೆ ವಿಧಿಸಿ, ಸೈಬೀರಿಯದ ಪೂರ್ವದಂಚಿನ ಕೊಲಿಮಾ ಪ್ರಾಂತದ ಚಿನ್ನದ ಗಣಿಗೆ ಕಳುಹಿಸಿದರು. ಅಲ್ಲಿ ಹಿಮ, ಹಸಿವು, ರೋಗಗಳು ಕೂಡಿ ಅವನ ದೇಹವನ್ನು ಹಣ್ಣುಮಾಡಿದವು. ಹಲ್ಲುಗಳು ಉದುರಿದವು. ಶಿಕ್ಷೆಯ ಮರುವಿಚಾರಣೆ ನಡೆದು ಅವನನ್ನು ಮಾಸ್ಕೋಗೆ ಮರಳಿ ತರದೆ ಹೋಗಿದ್ದರೆ ಅವನು ಅಲ್ಲಿಯೇ ಮಣ್ಣಾಗುತ್ತಿದ್ದನು. ಅನಂತರವೂ ಅವನಿಗೆ ಬಿಡುಗಡೆ ಸಿಕ್ಕಲಿಲ್ಲ. ಎಂಜಿನಿಯರುಗಳನ್ನು ಕೂಡಿಟ್ಟು ಕೆಲಸ ಮಾಡಿಸುವ ಸೆರೆಮನೆಯೊಂದರಲ್ಲಿ, ತಾನೂ ಕೈದಿಯಾಗಿದ್ದ ಟುಪೊಲೆವನ ಕೈಕೆಳಗೆ ಅವನು ವಿಮಾನಗಳ ನಕ್ಷೆ ಬರೆದನು. 1944ರಲ್ಲಿ ಸೆರೆಯಿಂದ ಬಿಡುಗಡೆಯಾಯಿತು. ಅವನು ನಿರಪರಾಧಿಯೆಂದು ಸರ್ಕಾರವು ಒಪ್ಪಿಕೊಂಡದ್ದು 1957ರಲ್ಲಿ.

ತನ್ನನ್ನು ಇಷ್ಟು ನೋಯಿಸಿದ ವ್ಯವಸ್ಥೆಗೆ ಆತನು ಬೆನ್ನು ತಿರುಗಿಸಬಹುದಾಗಿತ್ತು. ಕಹಿಯನ್ನೇ ಮೆಲುಕು ಹಾಕುತ್ತ ಉಳಿದ ಆಯುಷ್ಯವನ್ನು ಕಳೆಯಬಹುದಾಗಿತ್ತು. ಹಾಗೆ ಮಾಡದೆ ಅವನು ತನ್ನ ಕೆಲಸಕ್ಕೆ ಹಿಂದಿರುಗಿದನು. ಯುದ್ಧ ಮುಗಿದ ಮೇಲೆ ಜರ್ಮನಿಗೆ ಹೋಗಿ ಅಲ್ಲಿನ ವಿ-2 ರಾಕೆಟುಗಳನ್ನು ಪರಿಶೀಲಿಸಿದನು. 1946ರಲ್ಲಿ ದೂರಗಾಮಿ ಕ್ಷಿಪಣಿಗಳ ಪ್ರಧಾನ ವಿನ್ಯಾಸಕನಾಗಿ ನೇಮಕಗೊಂಡನು. ಸರ್ಕಾರಕ್ಕೆ ಬೇಕಾಗಿದ್ದುದು ಅಣುಬಾಂಬನ್ನು ಭೂಖಂಡದಿಂದ ಭೂಖಂಡಕ್ಕೆ ಹೊತ್ತೊಯ್ಯುವ ಆಯುಧ. ಕೊರೊಲೆವ್ ಅದನ್ನು ನಿರ್ಮಿಸಿಕೊಟ್ಟನು. ಆದರೆ ಅದರಲ್ಲಿ ಅಂತರಿಕ್ಷದ ವಾಹನವನ್ನೂ ಕಂಡನು. ಆರ್-7 ಎಂಬ ಆ ರಾಕೆಟಿನಲ್ಲಿ ನಡುವಣ ಕಂಬಕ್ಕೆ ಒತ್ತಾಗಿ ನಾಲ್ಕು ಭಾಗಗಳಿದ್ದವು. ನೆಲದಿಂದೇಳುವಾಗ ಇಪ್ಪತ್ತು ದಹನಕೋಶಗಳು ಒಟ್ಟಿಗೆ ಉರಿಯುತ್ತಿದ್ದವು. 1957ರ ಅಕ್ಟೋಬರ್ 4ರಂದು ಅದು 83.6 ಕಿಲೋಗ್ರಾಂ ತೂಕದ ಸ್ಪುಟ್ನಿಕನ್ನು ಭೂಮಿಯ ಸುತ್ತ ಹರಿಯಬಿಟ್ಟಿತು. ಮಾನವ ನಿರ್ಮಿತವಾದ ಮೊದಲ ಉಪಗ್ರಹ ಅದು. ಜಗತ್ತು ಬೆರಗಾಯಿತು. ಆದರೆ ಶಿಲ್ಪಿಯ ಹೆಸರನ್ನು ಸರ್ಕಾರವು ರಾಷ್ಟ್ರರಹಸ್ಯವೆಂದು ಮುಚ್ಚಿಟ್ಟಿತು. ಪತ್ರಿಕೆಗಳು ಪ್ರಧಾನ ವಿನ್ಯಾಸಕನೆಂದು ಬರೆದವೇ ಹೊರತು ಹೆಸರು ಹೇಳಲಿಲ್ಲ. ಅವನು ಲೇಖನ ಬರೆದರೂ ಸೆರ್ಗಿಯೇವ್ ಎಂಬ ಕಲ್ಪಿತ ನಾಮದಿಂದಲೇ ಅದು ಅಚ್ಚಾಗುತ್ತಿತ್ತು.

ಉಪಗ್ರಹವನ್ನು ಹಾರಿಸಿದ ಮೇಲೆ ಅವನ ದೃಷ್ಟಿ ಚಂದ್ರನ ಕಡೆಗೆ ತಿರುಗಿತು. ಭೂಮಿಯ ಆಕರ್ಷಣೆಯಿಂದ ಬಿಡಿಸಿಕೊಳ್ಳಲು ನೌಕೆಯು ಸೆಕೆಂಡಿಗೆ ಸುಮಾರು 11.2 ಕಿಲೋಮೀಟರು ವೇಗವನ್ನು ಪಡೆಯಬೇಕು. ಅದಕ್ಕಾಗಿ ಆರ್-7ರ ತುದಿಗೆ ಮತ್ತೊಂದು ಹಂತವನ್ನು ಜೋಡಿಸಿದರು. 1958ರ ಕೊನೆಯ ತಿಂಗಳುಗಳಲ್ಲಿ ಮೂರು ಬಾರಿ ಯತ್ನಿಸಿದರು. ಮೂರು ಬಾರಿಯೂ ಸೋತರು. ಮೊದಲೆರಡು ರಾಕೆಟುಗಳು ಮೇಲೇರುತ್ತಿದ್ದಂತೆಯೇ ವಿಪರೀತವಾದ ಕಂಪನಕ್ಕೆ ಸಿಕ್ಕಿ ಒಡೆದುಹೋದವು. ಕೊರೊಲೆವ್ ಮುಂಗೋಪಿ, ತಪ್ಪು ಕಂಡರೆ ಸಿಡಿದೇಳುವನು. ಆದರೆ ಸೋಲಿನ ಕಾರಣವನ್ನು ಹುಡುಕುವಾಗ ಅವನಷ್ಟು ತಾಳ್ಮೆಯುಳ್ಳವರು ವಿರಳ. ಇಂಧನದ ಕೊಳವೆಗಳಲ್ಲಿ ಉಂಟಾಗುತ್ತಿದ್ದ ಕಂಪನವನ್ನು ಕಂಡುಹಿಡಿದು ಅದನ್ನು ತಗ್ಗಿಸುವ ಸಾಧನವನ್ನು ಅಳವಡಿಸಲಾಯಿತು.

1959ರ ಜನವರಿ 2ರಂದು ಲೂನಾ-1 ಹಾರಿತು. ನೆಲದಿಂದ ಕೊಟ್ಟ ಆಜ್ಞೆಯಲ್ಲಾದ ಸಣ್ಣ ತಪ್ಪಿನಿಂದ ಅದು ಗುರಿ ತಪ್ಪಿ, ಚಂದ್ರನಿಂದ ಸುಮಾರು 6,000 ಕಿಲೋಮೀಟರು ದೂರದಲ್ಲಿ ಹಾದು, ಸೂರ್ಯನನ್ನು ಸುತ್ತುವ ಮೊದಲ ಕೃತಕ ಗ್ರಹವಾಯಿತು. ಸೆಪ್ಟೆಂಬರಿನಲ್ಲಿ ಲೂನಾ-2 ಗುರಿ ತಪ್ಪಲಿಲ್ಲ. ಅದು ಚಂದ್ರನ ನೆಲಕ್ಕೆ ಬಡಿದು ಪುಡಿಯಾಯಿತು. ಮನುಷ್ಯನು ಮಾಡಿದ ವಸ್ತುವೊಂದು ಬೇರೊಂದು ಲೋಕವನ್ನು ಮುಟ್ಟಿದುದು ಅದೇ ಮೊದಲು. ಸ್ಪುಟ್ನಿಕ್ ಹಾರಿ ಸರಿಯಾಗಿ ಎರಡು ವರ್ಷ ತುಂಬಿದ ದಿನ ಲೂನಾ-3 ಹೊರಟಿತು. ಅಕ್ಟೋಬರ್ 7ರಂದು ಅದು ಚಂದ್ರನ ಹಿಂಬದಿಯನ್ನು ಸೇರಿ 29 ಚಿತ್ರಗಳನ್ನು ತೆಗೆಯಿತು. ಫಿಲ್ಮನ್ನು ತನ್ನೊಳಗೆ ತಾನೇ ತೊಳೆದು, ಒಣಗಿಸಿ, ಬೆಳಕಿನ ಕಿರಣದಿಂದ ಗೆರೆಗೆರೆಯಾಗಿ ಓದಿ, ರೇಡಿಯೋ ಅಲೆಗಳ ಮೂಲಕ ಭೂಮಿಗೆ ಕಳುಹಿಸಿತು. ಚಿತ್ರಗಳು ಮಸುಕಾಗಿದ್ದವು. ಆದರೂ ಅವು ಆ ಮುಖದ ನೂರಕ್ಕೆ ಸುಮಾರು ಎಪ್ಪತ್ತು ಪಾಲನ್ನು ತೋರಿಸಿದವು. ನಮಗೆ ಕಾಣುವ ಕಡೆ ಹರಡಿರುವ ದೊಡ್ಡ ಕಪ್ಪು ಬಯಲುಗಳು ಆ ಕಡೆ ಬಹಳ ಕಡಿಮೆ ಎಂಬುದು ತಿಳಿಯಿತು.

ಉಳಿದಿದ್ದುದು ಇನ್ನೂ ಕಠಿನವಾದ ಕಾರ್ಯ. ನೌಕೆಯನ್ನು ಪುಡಿಯಾಗಗೊಡದೆ ಚಂದ್ರನ ಮೇಲೆ ಮೆಲ್ಲನೆ ಇಳಿಸಬೇಕಾಗಿತ್ತು. ಅಲ್ಲಿ ಗಾಳಿಯಿಲ್ಲದ್ದರಿಂದ ಪ್ಯಾರಾಚೂಟು ಉಪಯೋಗಕ್ಕೆ ಬಾರದು. ಜೊತೆಗೆ ಮತ್ತೊಂದು ಸಂದೇಹವೂ ಇತ್ತು. ಚಂದ್ರನ ನೆಲವು ಆಳವಾದ ಧೂಳಿನಿಂದ ಮುಚ್ಚಿದೆ, ಇಳಿದ ನೌಕೆ ಅದರಲ್ಲಿ ಹೂತುಹೋಗುವುದು ಎಂದು ಕೆಲವು ವಿಜ್ಞಾನಿಗಳು ವಾದಿಸುತ್ತಿದ್ದರು. ನೆಲ ಎಂಥದೆಂದು ತಿಳಿಯದೆ ನೌಕೆಯನ್ನು ಹೇಗೆ ರಚಿಸುವುದು? ಚರ್ಚೆ ಮುಗಿಯದಾದಾಗ ಕೊರೊಲೆವ್ ಒಂದು ನಿರ್ಧಾರಕ್ಕೆ ಬಂದನು. ನೆಲವು ಸಾಕಷ್ಟು ಗಟ್ಟಿಯಾಗಿರುವುದೆಂದೇ ಭಾವಿಸಿ ರಚನೆ ನಡೆಯಲಿ ಎಂದು ಸ್ವಹಸ್ತದಿಂದ ಬರೆದು ಸಹಿ ಹಾಕಿದನು. ಎಣಿಕೆ ತಪ್ಪಾದರೆ ಹೊಣೆ ತನ್ನದೆಂಬುದು ಆ ಸಹಿಯ ಅರ್ಥ. ಒಮ್ಮೆ ದ್ರೋಹಿಯೆಂಬ ಆರೋಪ ಹೊತ್ತು ಸೆರೆಮನೆಯನ್ನು ಕಂಡವನು ಹಾಗೆ ಸಹಿ ಹಾಕುವುದಕ್ಕೆ ಎಂಥ ಎದೆ ಬೇಕು!

1963ರಿಂದ 1965ರವರೆಗೆ ಹನ್ನೊಂದು ಯತ್ನಗಳು ನಡೆದವು. ಒಂದೂ ಫಲಿಸಲಿಲ್ಲ. ಕೆಲವು ನೌಕೆಗಳು ಭೂಮಿಯನ್ನೇ ಬಿಟ್ಟು ಹೋಗಲಿಲ್ಲ. ಲೂನಾ-4 ಮತ್ತು ಲೂನಾ-6 ಚಂದ್ರನಿಗೆ ಸಿಕ್ಕದೆ ದೂರ ಸರಿದುಹೋದವು. ಲೂನಾ-5, ಲೂನಾ-7, ಲೂನಾ-8 ಅಪ್ಪಳಿಸಿ ನಾಶವಾದವು. ಇದಕ್ಕೂ ಮೊದಲೇ, 1961ರ ಏಪ್ರಿಲ್ 12ರಂದು, ಕೊರೊಲೆವನ ನೌಕೆಯಲ್ಲಿ ಯೂರಿ ಗಗಾರಿನ್ ಅಂತರಿಕ್ಷಕ್ಕೆ ಹೋಗಿ ಬಂದಿದ್ದನು. ಗಗಾರಿನನನ್ನು ಲೋಕವೆಲ್ಲ ಮೆರೆಸಿತು; ಕೊರೊಲೆವ್ ಜನಸಂದಣಿಯಲ್ಲಿ ಅಜ್ಞಾತನಾಗಿಯೇ ಉಳಿದನು. ಕೆಲಸದ ಹೊರೆ ಬೆಳೆಯುತ್ತ ಹೋಯಿತು. ಸೆರೆಮನೆಯಲ್ಲಿ ಜರ್ಜರಿತವಾಗಿದ್ದ ದೇಹ ಕುಂದುತ್ತ ಬಂದಿತು. 1965ರಲ್ಲಿ ಚಂದ್ರನ ನೌಕೆಗಳ ಹೊಣೆಯನ್ನು ಅವನು ಗಿಯೋರ್ಗಿ ಬಬಾಕಿನ್ ಎಂಬ ಎಂಜಿನಿಯರನ ತಂಡಕ್ಕೆ ಒಪ್ಪಿಸಿದನು.

1966ರ ಜನವರಿಯಲ್ಲಿ ಕೊರೊಲೆವ್ ಶಸ್ತ್ರಚಿಕಿತ್ಸೆಗಾಗಿ ಮಾಸ್ಕೋದ ಆಸ್ಪತ್ರೆಯನ್ನು ಸೇರಿದನು. ಹೊಟ್ಟೆಯೊಳಗೆ ದೊಡ್ಡ ಗೆಡ್ಡೆಯಿರುವುದು ಶಸ್ತ್ರಚಿಕಿತ್ಸೆಯ ವೇಳೆ ಕಂಡುಬಂದಿತು. ಐವತ್ತೊಂಬತ್ತು ತುಂಬಿದ ಎರಡು ದಿನಗಳ ಮೇಲೆ, ಜನವರಿ 14ರಂದು, ಅವನ ಹೃದಯ ನಿಂತಿತು. ಆಗ ಸರ್ಕಾರ ಅವನ ಹೆಸರನ್ನೂ ಭಾವಚಿತ್ರವನ್ನೂ ಪತ್ರಿಕೆಗಳಲ್ಲಿ ಪ್ರಕಟಿಸಿತು. ಸ್ಪುಟ್ನಿಕನ್ನು ಹಾರಿಸಿದವನು ಯಾರೆಂದು ಜಗತ್ತು ತಿಳಿದದ್ದು ಅವನ ಮರಣವಾರ್ತೆಯಿಂದ. ಅವನ ಚಿತಾಭಸ್ಮವನ್ನು ಕ್ರೆಮ್ಲಿನ್ ಕೋಟೆಯ ಗೋಡೆಯಲ್ಲಿ ಗೌರವದಿಂದ ಇರಿಸಿದರು.

ಅದಾಗಿ ಮೂರು ವಾರವೂ ತುಂಬಿರಲಿಲ್ಲ. ಜನವರಿ 31ರಂದು ಹೊರಟ ಲೂನಾ-9 ಫೆಬ್ರವರಿ 3ರಂದು ಚಂದ್ರನಲ್ಲಿ ಬಿರುಗಾಳಿಗಳ ಸಾಗರವೆಂಬ ಬಯಲನ್ನು ಸಮೀಪಿಸಿತು. ಎದುರುಮುಖವಾಗಿ ಉರಿದ ಎಂಜಿನು ಅದರ ವೇಗವನ್ನು ತಗ್ಗಿಸಿತು. ನೆಲ ಹತ್ತಿರವಾದಾಗ, ಗಾಳಿ ತುಂಬಿದ ಚೀಲಗಳ ನಡುವೆ ಇದ್ದ ಸುಮಾರು ನೂರು ಕಿಲೋಗ್ರಾಂ ತೂಕದ ಗೋಳವು ಬೇರ್ಪಟ್ಟು, ಚೆಂಡಿನಂತೆ ಪುಟಿದು, ಉರುಳಿ ನಿಂತಿತು. ನಾಲ್ಕು ದಳಗಳು ಹೂವಿನಂತೆ ಅರಳಿದವು. ಒಳಗಿನ ಕ್ಯಾಮೆರಾ ಸುತ್ತಲಿನ ಕಲ್ಲುಗಳನ್ನೂ ಅವುಗಳ ನೆರಳನ್ನೂ ಚಿತ್ರಿಸಿ ಕಳುಹಿಸಿತು. ಗೋಳವು ಧೂಳಿನಲ್ಲಿ ಹೂತುಹೋಗಿರಲಿಲ್ಲ. ಚಂದ್ರನ ನೆಲ ಗಟ್ಟಿಯಾಗಿಯೇ ಇದ್ದಿತು. ಸಹಿ ಹಾಕಿದವನ ಎಣಿಕೆ ನಿಜವಾಯಿತು. ಅದನ್ನು ನೋಡಲು ಅವನು ಉಳಿದಿರಲಿಲ್ಲ.

ಕೊರೊಲೆವನು ಬಾಳಿ ದುಡಿದ ಮಾಸ್ಕೋ ಸಮೀಪದ ಊರಿಗೆ 1996ರಲ್ಲಿ ಅವನ ಹೆಸರನ್ನಿಟ್ಟರು. ಚಂದ್ರನ ಮರೆಯ ಮುಖದಲ್ಲಿರುವ, ನಾನೂರು ಕಿಲೋಮೀಟರಿಗೂ ಮಿಗಿಲಾದ ಅಗಲದ ಒಂದು ಮಹಾಕುಳಿಗೂ ಅವನದೇ ಹೆಸರು. ಭೂಮಿಯ ಮೇಲೆ ನಿಂತು ನೋಡುವವರ ಕಣ್ಣಿಗೆ ಅದು ಎಂದಿಗೂ ಬೀಳದು. ಕೀರ್ತಿಯನ್ನು ಕಾಣದೆ ಕೆಲಸವನ್ನಷ್ಟೇ ಕಂಡವನಿಗೆ ತಕ್ಕ ಸ್ಮಾರಕ ಅದು.