ಕಾಡುಗುಲಾಬಿಯನ್ನರಸಿ ಹೋದ ವಿಲ್ಸನ್ನರು

ನಮ್ಮ ತಂದೆಯವರು ತೋಟದ ಮಾಲಿ. ಕಸಿಮಾಡಿದ ಗುಲಾಬಿಯ ಬುಡದಲ್ಲಿ ಕಾಡುಚಿಗುರು ಒಡೆದರೆ ಅವರು ಕೂಡಲೇ ಅದನ್ನು ಕಿತ್ತುಹಾಕುತ್ತಾರೆ. ಬಿಟ್ಟರೆ ಅದು ಕಸಿಯ ಗಿಡವನ್ನೇ ಅಡಗಿಸಿಬಿಡುತ್ತದೆ. ನಾವು ಹೀಗೆ ಎಸೆಯುವ ಕಾಡುಗುಲಾಬಿಯ ಬಂಧುಗಳನ್ನು ಹುಡುಕಿಕೊಂಡು ಚೀನಾದ ಬೆಟ್ಟಗಳನ್ನು ಅಲೆದವರೊಬ್ಬರುಂಟು. ಅವರ ಚರಿತ್ರೆಯನ್ನು ಓದಿದಂದಿನಿಂದ ನನ್ನ ಮನಸ್ಸಿನಲ್ಲಿ ಒಂದು ಮಾತು ಕೊರೆಯುತ್ತಲೇ ಇದೆ.

ಅರ್ನೆಸ್ಟ್ ಹೆನ್ರಿ ವಿಲ್ಸನ್ನರು 1876ರಲ್ಲಿ ಇಂಗ್ಲೆಂಡಿನ ಚಿಪ್ಪಿಂಗ್ ಕ್ಯಾಂಪ್ಡನ್ ಎಂಬ ಊರಿನಲ್ಲಿ ಜನಿಸಿದರು. ಎಳೆಯ ವಯಸ್ಸಿನಲ್ಲಿಯೇ ಶಾಲೆ ಬಿಟ್ಟು ಸಸಿತೋಟವೊಂದರಲ್ಲಿ ಕೆಲಸಕ್ಕೆ ಸೇರಿದರು. 16ನೆಯ ವಯಸ್ಸಿನಲ್ಲಿ ಬರ್ಮಿಂಗ್‌ಹ್ಯಾಮ್ ಸಸ್ಯೋದ್ಯಾನವನ್ನು ಸೇರಿ, ಹಗಲು ಮಣ್ಣಿನ ಕೆಲಸ ಮಾಡಿ ಸಂಜೆ ಸಸ್ಯಶಾಸ್ತ್ರ ಕಲಿತರು. 1897ರಲ್ಲಿ ಕ್ಯೂ ಉದ್ಯಾನಕ್ಕೆ ಬಂದರು. 1899ರಲ್ಲಿ ವೀಚ್ ಎಂಬ ಸಸಿ ವ್ಯಾಪಾರಿಗಳು ಅವರನ್ನು ಚೀನಾಕ್ಕೆ ಕಳುಹಿಸಿದರು. ಅಲ್ಲಿಗೆ ಅವರು ಹೋದದ್ದು ಒಟ್ಟು ನಾಲ್ಕು ಸಲ.

ಅವರ ಮೂಲಕ ತೋಟಗಳಿಗೆ ಬಂದ ಬಳ್ಳಿಗುಲಾಬಿಗಳಲ್ಲಿ ಎರಡು ಹೆಸರಾಗಿವೆ. ಪತ್ನಿಯ ಹೆಸರನ್ನು ಹೊತ್ತದ್ದು ರೋಸಾ ಹೆಲೆನೇ. ಇನ್ನೊಂದು ರೋಸಾ ಫಿಲಿಪೆಸ್. ಎರಡರ ಹೂವೂ ಬಿಳುಪು, ಎಸಳು ಐದೇ. ಹೂವಿನ ನಡುವೆ ಶಲಾಕೆಗಳು ಒಂದಾಗಿ ಕೂಡಿ ಪುಟ್ಟ ಕಂಬದಂತೆ ನಿಂತಿರುತ್ತವೆ. ಹಾಗಾದರೆ ಬೇರ್ಪಡಿಸುವುದು ಹೇಗೆ? ಗೊಂಚಲನ್ನು ನೋಡಬೇಕು. ಹೆಲೆನೇಯದು ಒತ್ತು ಗೊಂಚಲು. ಫಿಲಿಪೆಸ್‌ನದು ಸಡಿಲ, ಹೂದೊಟ್ಟುಗಳು ನೂಲಿನಂತೆ ಸಣ್ಣಗಿವೆ. ಇವುಗಳನ್ನು ದೊಡ್ಡ ಮರದ ಬಳಿ ನೆಟ್ಟರೆ ತಾವೇ ಹತ್ತಿಕೊಳ್ಳುತ್ತವೆ. ಹೂ ಬಿಡುವುದು ಹಳೆಯ ಕೊಂಬೆಯಲ್ಲಿ, ವರ್ಷಕ್ಕೊಮ್ಮೆ. ಆದುದರಿಂದ ಹೂ ಮುಗಿದ ಮೇಲೆಯೇ ಕತ್ತರಿ ಹಾಕಬೇಕು.

1910ರಲ್ಲಿ ಮಿನ್ ನದಿಯ ಕಣಿವೆಯಲ್ಲಿ ಬೆಟ್ಟ ಕುಸಿದು ವಿಲ್ಸನ್ನರ ಕಾಲು ಮುರಿಯಿತು. ಕ್ಯಾಮೆರಾದ ಮುಕ್ಕಾಲಿಯ ಕೋಲುಗಳನ್ನೇ ಕಾಲಿಗೆ ಕಟ್ಟಿದರು. ದಾರಿ ಇಕ್ಕಟ್ಟಾದುದರಿಂದ, ಎದುರಿಗೆ ಬಂದ ಹೇಸರಗತ್ತೆಗಳ ಸಾಲು ಮಲಗಿದ್ದ ಅವರನ್ನು ದಾಟಿಕೊಂಡೇ ಹೋಯಿತು. ಆ ಕಾಲು ಮತ್ತೆ ನೆಟ್ಟಗಾಗಲಿಲ್ಲ. ಸಸ್ಯಗಳ ಕೆಲಸವನ್ನು ಮಾತ್ರ ಅವರು ಬಿಡಲಿಲ್ಲ. 1927ರಲ್ಲಿ ಅಮೆರಿಕದ ಆರ್ನಲ್ಡ್ ವೃಕ್ಷೋದ್ಯಾನದ ಪಾಲಕರಾದರು. 1930ರಲ್ಲಿ ಮೋಟಾರು ಅಪಘಾತದಲ್ಲಿ ದಂಪತಿಗಳಿಬ್ಬರೂ ತೀರಿಕೊಂಡರು. ಎಂಟು ವರ್ಷಗಳ ಅನಂತರ ಅವರ ಹುಟ್ಟೂರಿನ ಸಮೀಪದ ಕಿಫ್ಟ್ಸ್‌ಗೇಟ್ ತೋಟದಲ್ಲಿ ಬೇರೆ ಹೆಸರಿನಲ್ಲಿ ಕೊಂಡು ತಂದ ಒಂದು ಗುಲಾಬಿಯನ್ನು ನೆಟ್ಟರು. ಅದು ಮರಗಳನ್ನೇರಿ ಜಗತ್ಪ್ರಸಿದ್ಧವಾಯಿತು. ಅದು ಫಿಲಿಪೆಸ್ ಎಂಬುದು ತಿಳಿದದ್ದು ಆಮೇಲೆ.

ಕಾಲೇಜು ಸೇರುವಾಗ ಅರ್ಜಿಯಲ್ಲಿ ತಂದೆಯ ವೃತ್ತಿ ಎಂಬಲ್ಲಿ ನಾನು ನಾಚಿಕೆಯಿಂದ ವ್ಯವಸಾಯವೆಂದು ಬರೆದಿದ್ದೆನು. ಈ ಸಲ ಪರೀಕ್ಷೆಯ ಅರ್ಜಿಯಲ್ಲಿ ಮಾಲಿ ಎಂದೇ ಬರೆದಿದ್ದೇನೆ.