ಹಿಸಾಬ್ ಕೇಳಿದ ಪ್ರಧಾನಿ

ನಮ್ಮ ಮನೆಯಲ್ಲಿ ಅಬ್ಬಾ ಲೆಕ್ಕಪತ್ರಕ್ಕೆ ಹಿಸಾಬ್-ಕಿತಾಬ್ ಅನ್ನುತ್ತಾರೆ. ಅಕೌಂಟೆನ್ಸಿ ಓದುವ ನನಗೆ ಇರಾನಿನ ಮೊಹಮ್ಮದ್ ಮೊಸದ್ದೆಗ್ ಇಷ್ಟವಾಗಿದ್ದು ಆ ಹಿಸಾಬಿನಿಂದಲೇ. ಅವರು ಹುಟ್ಟಿದ್ದು 1882ರಲ್ಲಿ, ಕಾನೂನು ಓದಿದ್ದು ಸ್ವಿಟ್ಜರ್‌ಲೆಂಡಿನಲ್ಲಿ. ಇರಾನಿನ ತೈಲ ತೆಗೆಯುತ್ತಿದ್ದ ಬ್ರಿಟಿಷ್ ಕಂಪನಿ ಲಾಭದಲ್ಲಿ ಒಂದಿಷ್ಟು ಪಾಲು ಕೊಡುತ್ತಿತ್ತು, ಲೆಕ್ಕದ ಪುಸ್ತಕ ಮಾತ್ರ ತೋರಿಸುತ್ತಿರಲಿಲ್ಲ. ಪುಸ್ತಕ ನೋಡದೆ ಪಾಲು ಸರಿಯೋ ತಪ್ಪೋ ತಿಳಿಯುವುದು ಹೇಗೆ? 1951ರಲ್ಲಿ ಪ್ರಧಾನಿಯಾಗಿ ಮೊಸದ್ದೆಗ್ ತೈಲದ ರಾಷ್ಟ್ರೀಕರಣವನ್ನು ಜಾರಿಗೆ ತಂದರು. ಬ್ರಿಟನ್ ಬಹಿಷ್ಕಾರ ಹಾಕಿತು. ರಫ್ತು ನಿಂತು ಬೊಕ್ಕಸ ಬರಿದಾಯಿತು. 1953ರ ಆಗಸ್ಟ್‌ನಲ್ಲಿ ಅಮೆರಿಕ, ಬ್ರಿಟನ್‌ಗಳ ಗುಪ್ತಚರರು ಸೇರಿ ಅವರ ಸರ್ಕಾರವನ್ನು ಉರುಳಿಸಿದರು. ಕಮ್ಯುನಿಸಂ ಬರುವ ಭಯ ಎಂದು ಕಾರಣ ಕೊಟ್ಟರು. ನನಗೆ ಕಾಣುವುದು ತೈಲದ ಲೆಕ್ಕವೇ. ಮೂರು ವರ್ಷ ಜೈಲು, ಆಮೇಲೆ ಅಹ್ಮದಾಬಾದ್ ಎಂಬ ಹಳ್ಳಿಯಲ್ಲಿ (ನಮ್ಮ ಗುಜರಾತಿನದಲ್ಲ) ಗೃಹಬಂಧನ. 1967ರಲ್ಲಿ ತೀರಿಕೊಂಡಾಗ ಆ ಮನೆಯ ಊಟದ ಕೋಣೆಯಲ್ಲೇ ದಫನ್ ಮಾಡಿದರು.